ಹಳೇ ಕೋವಿಯ ವಿಡಿಯೊಗೆ ಹಳದಿ ಡಾಲರ್ ಬೀಳದಂತೆ, ಬಿದ್ದರೂ ಕೆಡದಂತೆ: ಎಡಿಟರ್ ಒಬ್ಬಳ ಕೈಪಿಡಿ

ನಾನು ಕೋವಿ ಹಿಡಿಯುವವಳಲ್ಲ, ಕತ್ತರಿ ಹಿಡಿದವಳು. ಹಳೇ ಬಂದೂಕುಗಳ ಬಗ್ಗೆ ಕ್ಯಾಮೆರಾ ಮುಂದೆ ಕೂತು ಮಾತಾಡುವವರು ಮೇಷ್ಟ್ರು. ಅವರಾಡಿದ್ದನ್ನು ಕತ್ತರಿಸಿ, ಜೋಡಿಸಿ, ಟೈಟಲ್ ಬರೆದು, ಅಪ್‌ಲೋಡ್ ಮಾಡಿ, ಡಾಲರ್ ಗುರುತು ಹಸಿರಾಗುತ್ತೋ ಹಳದಿಯಾಗುತ್ತೋ ಅಂತ ಕಾಯುವ ಕೆಲಸ ನನ್ನದು. ಯೂಟ್ಯೂಬಿನಲ್ಲಿ ಆ ಗುರುತು ಹಸಿರಾದರೆ ವಿಡಿಯೊಗೆ ಜಾಹೀರಾತು ಸಿಕ್ಕಿತು, ಹಳದಿಯಾದರೆ ಕಡಿಮೆ ಅಥವಾ ಇಲ್ಲವೇ ಇಲ್ಲ. ಬತ್ತಿ ಕೋವಿ, ಚಕಮಕಿ ಕೋವಿ, ಕೇಪಿನ ಕೋವಿಗಳ ವಿಡಿಯೊ ಮಾಡುವ ಗೆಳೆಯರೆಲ್ಲ ಕೊನೆಗೆ ಒಂದೇ ಪ್ರಶ್ನೆಗೆ ಬರುತ್ತಾರೆ: "ಇನ್ನೂರು ವರ್ಷ ಹಳೇ ಸಾಮಾನು ಮಾರಾಯ್ತಿ, ಇದಕ್ಕೂ ಜಾಹೀರಾತು ನಿಲ್ಲಿಸಿದರೆ ಹೇಗೆ?" ನನ್ನ ಉತ್ತರ ಅವರಿಗೆ ರುಚಿಸುವುದಿಲ್ಲ. ಕೋವಿಯ ವಯಸ್ಸನ್ನು ಅಲ್ಲಿ ಯಾರೂ ನೋಡುತ್ತಿಲ್ಲ, ನಿಮ್ಮ ಕೈಯಲ್ಲಿರುವ ಸ್ಕ್ರೂಡ್ರೈವರನ್ನು ನೋಡುತ್ತಿದ್ದಾರೆ.

ಕಾನೂನಿಗೆ ವಯಸ್ಸು ಮುಖ್ಯ, ನಿಜ. ಅಮೆರಿಕದ 1968ರ ಗನ್ ಕಂಟ್ರೋಲ್ ಆ್ಯಕ್ಟ್ 1898 ಅಥವಾ ಅದಕ್ಕೂ ಮುಂಚೆ ತಯಾರಾದ ಬಂದೂಕನ್ನು ಪುರಾತನ ಅಂತ ಬೇರೆ ಇಡುತ್ತದೆ. ಬ್ರಿಟನ್ 2021ರ ನಿಯಮಗಳಲ್ಲಿ ಬಳಕೆ ತಪ್ಪಿದ ತೋಟಾಗಳ ಪಟ್ಟಿಯನ್ನೇ ಕೊಟ್ಟಿದೆ. ಯೂಟ್ಯೂಬಿನ ಜಾಹೀರಾತು ನಿಯಮದಲ್ಲಿ ಇಂಥ ಗೆರೆ ಇಲ್ಲ. ಅಲ್ಲಿ "ಬಂದೂಕು" ಅಂತ ಒಂದೇ ಕಪಾಟು, ನಿನ್ನೆ ಕಾರ್ಖಾನೆಯಿಂದ ಬಂದ ರೈಫಲ್ಲೂ ವಾಟರ್ಲೂ ಕಾಲದ ಮಸ್ಕೆಟ್ಟೂ ಅದರೊಳಗೇ. ನಿಯಮ ಹೇಳುವಾಗ ನಾನು ಯೂಟ್ಯೂಬನ್ನೇ ಹಿಡಿಯುವುದು ಅವರ ಲಿಖಿತ ನಿಯಮ ವಿವರವಾಗಿದೆ ಅನ್ನುವ ಕಾರಣಕ್ಕೆ. ಅಲ್ಲಿ ದಾಟಿದ ವಿಡಿಯೊ ಬೇರೆ ಕಡೆಯೂ ಸಾಮಾನ್ಯವಾಗಿ ದಾಟುತ್ತದೆ.

ಮೊದಲು ಎರಡು ರೂಲ್ಸ್ ಪುಸ್ತಕಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ

ಅರ್ಧ ಗೊಂದಲ ಹುಟ್ಟುವುದು ಇಲ್ಲೇ. ಒಂದು ಸಮುದಾಯ ನಿಯಮ: ವಿಡಿಯೊ ಇರಬೇಕೋ ಬೇಡವೋ, ಹದಿನೆಂಟು ತುಂಬಿದವರಿಗೆ ಮಾತ್ರವೋ ಅನ್ನುವುದನ್ನು ತೀರ್ಮಾನಿಸುತ್ತದೆ. ಇದನ್ನು ಮುರಿದರೆ ಮೊದಲು ಎಚ್ಚರಿಕೆ, ಆಮೇಲೆ ಸ್ಟ್ರೈಕ್. ತೊಂಬತ್ತು ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಇನ್ನೊಂದು ಜಾಹೀರಾತುದಾರರ ನಿಯಮ: ವಿಡಿಯೊ ಇರಲಿ, ಅದರ ಮೇಲೆ ಜಾಹೀರಾತು ಹಾಕಬಹುದೇ ಅನ್ನುವುದಷ್ಟೇ ಅದರ ಪ್ರಶ್ನೆ. ಹಳದಿ ಡಾಲರ್ ಬರುವುದು ಈ ಎರಡನೆಯದರಿಂದ. ಹಳದಿ ಬಿತ್ತು ಅಂದರೆ ನೀವೇನೋ ಅಪರಾಧ ಮಾಡಿದ್ದೀರಿ ಅಂತಲ್ಲ. ಕೆಲವು ಕಂಪನಿಗಳಿಗೆ ಅದರ ಪಕ್ಕ ತಮ್ಮ ಶಾಂಪೂ ನಿಲ್ಲುವುದು ಬೇಡ, ಅಷ್ಟೆ. ಹಳದಿ ಕಂಡು ರಾತ್ರಿಯಿಡೀ ಕೂತು ವಿಡಿಯೊ ಅಳಿಸಿದವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ.

ಈ ಎರಡೂ ಬಿಗಿಯಾದ ಬಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2017ರ ಮಾರ್ಚಿನಲ್ಲಿ ತಮ್ಮ ಜಾಹೀರಾತು ಉಗ್ರವಾದಿಗಳ ವಿಡಿಯೊಗಳ ಜೊತೆ ಓಡುತ್ತಿದೆ ಅಂತ ಗೊತ್ತಾಗಿ ದೊಡ್ಡ ಬ್ರ್ಯಾಂಡುಗಳು ಹಿಂದೆ ಸರಿದವು. ಅಲ್ಲಿಂದ ಜಾಹೀರಾತಿನ ಜರಡಿ ಸಣ್ಣದಾಯಿತು. 2018ರ ಮಾರ್ಚಿನಲ್ಲಿ ಬಂದೂಕು ಮಾರಾಟದ ಲಿಂಕು, ಬಂದೂಕು ಮತ್ತು ಮದ್ದುಗುಂಡು ತಯಾರಿಸುವ ಪಾಠ ಎರಡೂ ಸಮುದಾಯ ನಿಯಮದಲ್ಲೇ ನಿಷಿದ್ಧವಾದವು. (ಆಗ ಇನ್‌ರೇಂಜ್ ಟಿವಿ ಅನ್ನುವ ಚಾನೆಲ್ ಪ್ರತಿಭಟನೆಯ ಹಾಗೆ ತನ್ನ ವಿಡಿಯೊಗಳನ್ನು ಒಂದು ವಯಸ್ಕರ ಜಾಲತಾಣಕ್ಕೆ ಹಾಕಿ ಸುದ್ದಿಯಾಯಿತು. ನೋಡುಗರು ಮನೆಯಲ್ಲಿ ಏನಂತ ಹೇಳಿಕೊಂಡರೋ.) 2024ರ ಜೂನ್ 18ರಿಂದ ಸುರಕ್ಷತಾ ಭಾಗ ತೆಗೆಯುವುದನ್ನು ಕಲಿಸುವುದು ನಿಷಿದ್ಧ, ಆಟೋಮ್ಯಾಟಿಕ್ ಬಂದೂಕು (ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ತಾನೇ ಸಿಡಿಯುತ್ತಿರುವಂಥದ್ದು) ಬಳಸುವ ದೃಶ್ಯ ಹದಿನೆಂಟರ ಮೇಲಿನವರಿಗೆ ಮಾತ್ರ.

ಸ್ಕ್ರೂಡ್ರೈವರ್

ಜಾಹೀರಾತು ನಿಯಮದ ಬಂದೂಕಿನ ಭಾಗವನ್ನು ಒಮ್ಮೆ ಪೂರ್ತಿ ಓದಿ, ಎರಡು ನಿಮಿಷದ ಕೆಲಸ. ಸುರಕ್ಷಿತ ಜಾಗದಲ್ಲಿ ಈಡು ಹೊಡೆದು ತೋರಿಸುವುದಕ್ಕೆ ಜಾಹೀರಾತು ಸಿಗಬಹುದು. ಬಂದೂಕು ಕಾನೂನಿನ ಚರ್ಚೆಗೂ ಸಿಗಬಹುದು. ಸಿಗದ ಪಟ್ಟಿಯಲ್ಲಿ ಬಂದೂಕು ತಯಾರಿಸುವುದು, ಬದಲಾಯಿಸುವುದು ಇವೆ, ಅವುಗಳ ಜೊತೆಗೇ ಜೋಡಿಸುವುದು ಮತ್ತು ಬಿಚ್ಚುವುದೂ ಇದೆ. ಈಡು ಹೊಡೆದರೆ ಹಸಿರು, ಬಿಚ್ಚಿ ಒರೆಸಿದರೆ ಹಳದಿ! ಪುರಾತನ ಕೋವಿಯವರಿಗೆ ಇದರಷ್ಟು ತಲೆಕೆಳಗಾದ ನಿಯಮ ಬೇರೆ ಇಲ್ಲ. ನಮ್ಮ ಇಡೀ ಕಸುಬು ಇರುವುದೇ ಬಿಚ್ಚುವುದರಲ್ಲಿ. ಮೇಷ್ಟ್ರ ಮಾತಿನಲ್ಲಿ ಹೇಳುವುದಾದರೆ, ಬಿಚ್ಚದೆ ಕೋವಿ ವಿವರಿಸು ಅನ್ನುವುದು ಗಡಿಯಾರದ ಮುಖ ತೋರಿಸಿ ಹಲ್ಲುಚಕ್ರ ಅರ್ಥಮಾಡಿಸು ಅಂದ ಹಾಗೆ.

ಅವರ ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಮುಗಿಯಿತು. ಹಳೇ ಬ್ರಿಟಿಷ್ ಸೈನ್ಯದ ಬ್ರೌನ್ ಬೆಸ್ ಮಸ್ಕೆಟ್ಟನ್ನು ಕಂಬಳಿಯ ಮೇಲೆ ಮಲಗಿಸಿ, ಎಡಮಗ್ಗುಲಿನ ಎರಡು ಉದ್ದದ ಸ್ಕ್ರೂ ತಿರುಗಿಸಿ, ಬಲಮಗ್ಗುಲಿಂದ ಲಾಕನ್ನು, ಅಂದರೆ ಮದ್ದಿಗೆ ಕಿಡಿ ಕೊಡುವ ಯಂತ್ರವನ್ನು, ಮೆಲ್ಲಗೆ ಎತ್ತಿ, "ನೋಡಿ, ಇನ್ನೂರು ವರ್ಷದ ಹಿಂದಿನ ಎಣ್ಣೆಯ ಕಲೆ" ಅಂತ ಮರದ ಗುಂಡಿಯೊಳಗೆ ಟಾರ್ಚ್ ಬಿಡುತ್ತಾರೆ. ಎಷ್ಟು ಚೆಂದದ ದೃಶ್ಯವೋ ಅಷ್ಟೇ ಖಚಿತವಾಗಿ ಹಳದಿ. ಹಾಗಾಗಿ ಶೂಟಿಂಗಿಗೆ ಮೊದಲೇ ನಾನು ಅವರ ಹತ್ತಿರ ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳುತ್ತೇನೆ: ಈ ವಿಡಿಯೊ "ಇದು ಹೇಗೆ ಕೆಲಸ ಮಾಡುತ್ತದೆ" ಅನ್ನುವುದೋ, "ಇದನ್ನು ಹೇಗೆ ಬಿಚ್ಚುವುದು" ಅನ್ನುವುದೋ? ಮೊದಲನೆಯದಾದರೆ ದಾರಿಗಳಿವೆ.

ಒಂದು ದಾರಿ ನೇರ ಕಟ್. ಇಡೀ ಕೋವಿಯ ಶಾಟ್, ಅದರ ಮುಂದೆಯೇ ಆಗಲೇ ಹೊರಗೆ ಬಂದ ಲಾಕ್, ಒಳಮೈ ಮೇಲಾಗಿ ಬಟ್ಟೆಯ ಮೇಲೆ ಕೂತಿದೆ. ನಡುವೆ ಸ್ಕ್ರೂ ಇಲ್ಲ, ಉಪಕರಣ ಇಲ್ಲ, "ಮೊದಲು ಇದನ್ನು ಸಡಿಲಿಸಿ" ಅನ್ನುವ ಮಾತಿಲ್ಲ. ಪೆನ್ಸಿಲ್ ತುದಿಯಲ್ಲಿ ಟಂಬ್ಲರ್ (ಹೊರಗಿನ ಸುತ್ತಿಗೆಯ ಜೊತೆ ತಿರುಗುವ ಒಳಗಿನ ತುಂಡು) ತೋರಿಸುತ್ತಾರೆ, ಅದರ ಅಂಚಿನ ಎರಡು ಕಚ್ಚು ತೋರಿಸುತ್ತಾರೆ, ಸಿಯರ್ ಅನ್ನುವ ತಡೆಕೊಕ್ಕೆಯ ಮೂತಿ ಮೊದಲ ಕಚ್ಚಿಗೆ ಬಿದ್ದರೆ ಸುತ್ತಿಗೆ ಅರ್ಧ ಎಳೆದು ನಿಂತಿತು, ಎರಡನೆಯದಕ್ಕೆ ಬಿದ್ದರೆ ಪೂರ್ತಿ ಅಂತ ಹೇಳುತ್ತಾರೆ. ಇಲ್ಲಿ ನನ್ನದೊಂದು ಹಟ ಇದೆ: ಆ ಎರಡು "ಟಕ್" ಶಬ್ದಗಳನ್ನು ಬೇರೆ ಮೈಕಿನಲ್ಲಿ ಹತ್ತಿರದಿಂದ ಹಿಡಿಯುತ್ತೇನೆ, ಸಂಗೀತ ಪೂರ್ತಿ ನಿಲ್ಲಿಸುತ್ತೇನೆ. ಮೊದಲ ಟಕ್ ಮೊಂಡು, ಎರಡನೆಯದು ಗಟ್ಟಿ. ಸ್ಕ್ರೂ ತಿರುಗಿಸುವುದನ್ನು ನೋಡಿ ಕಲಿಯುವುದಕ್ಕಿಂತ ಹೆಚ್ಚನ್ನು ನೋಡುಗ ಆ ಎರಡು ಶಬ್ದಗಳಿಂದ ಕಲಿಯುತ್ತಾನೆ ಅಂತ ನನ್ನ ನಂಬಿಕೆ.

ಇನ್ನೊಂದು ದಾರಿ ಚಿತ್ರ. ಮೊದಲ ಮಹಾಯುದ್ಧದ ಬಂದೂಕುಗಳ ಬಗ್ಗೆ ವಿಡಿಯೊ ಮಾಡುವ ಸಿ ಆ್ಯಂಡ್ ಆರ್ಸೆನಲ್ ಚಾನೆಲ್ಲಿನವರು ಒಳಗಿನ ಯಂತ್ರವನ್ನು ಅನಿಮೇಶನ್‌ನಲ್ಲಿ ತೋರಿಸುತ್ತಾರೆ, ನೋಡಿ ಕಲಿಯುವಂತಿದೆ. ನನಗೆ ಅಷ್ಟು ತ್ರೀಡಿ ಬರುವುದಿಲ್ಲ. ಲಾಕ್‌ನ ಫೋಟೊ ಮೇಲೆ ಎರಡು ಪದರದ ಗೆರೆಚಿತ್ರ ಹಾಕಿ, ಟಂಬ್ಲರ್ ಪದರವನ್ನು ಮಾತ್ರ ತಿರುಗಿಸುತ್ತೇನೆ. ಮೂಲ ಚಿತ್ರಗಳಿಗೆ ಪೇಟೆಂಟ್ ದಾಖಲೆಗಳಿಗಿಂತ ಒಳ್ಳೆಯ ಗಣಿ ಇಲ್ಲ, ಕೋಲ್ಟ್ ರಿವಾಲ್ವರಿನ 1836ರ ಅಮೆರಿಕನ್ ಪೇಟೆಂಟನ್ನೇ ನೋಡಿ. ಕೇಪಿನ ಕೋವಿಯ ಕಥೆ ಹೇಳಬೇಕಾದರೆ ಅಲೆಕ್ಸಾಂಡರ್ ಫೋರ್ಸಿತ್ ಅನ್ನುವ ಸ್ಕಾಟಿಷ್ ಪಾದ್ರಿ 1807ರಲ್ಲಿ ಪಡೆದ ಪೇಟೆಂಟಿನಿಂದ ಶುರುಮಾಡಬಹುದು. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ 2017ರಲ್ಲಿ ತನ್ನ ಹಕ್ಕುಮುಕ್ತ ವಸ್ತುಗಳ ಫೋಟೊಗಳನ್ನು ಯಾರು ಬೇಕಾದರೂ ಬಳಸಬಹುದು ಅಂತ ಬಿಟ್ಟಿತು. ಅವರ ಶಸ್ತ್ರಾಸ್ತ್ರ ವಿಭಾಗದ ಚಕ್ರಚಕಮಕಿ (ಚಕ್ರ ತಿರುಗಿ ಕಿಡಿ ಹಾರಿಸುವ) ಪಿಸ್ತೂಲುಗಳ ಕೆತ್ತನೆ ಕೆಲಸ ಎಷ್ಟು ಜೂಮ್ ಮಾಡಿದರೂ ಒಡೆಯುವುದಿಲ್ಲ. ಬತ್ತಿ ಕೋವಿಗೆ ಈಡು ತುಂಬುವ ಕ್ರಮ ತೋರಿಸಲು 1607ರಲ್ಲಿ ಪ್ರಕಟವಾದ ಜಾಕೋಬ್ ದ ಗೈನ್‌ನ ಕವಾಯತು ಕೆತ್ತನೆಗಳಿವೆ. ಸಿಪಾಯಿಯ ಒಂದೊಂದು ಭಂಗಿಗೂ ಒಂದೊಂದು ಚಿತ್ರ.

ರಿಪೇರಿ ವಿಡಿಯೊಗಳಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಹಿಡಿಕೆಯ ಮರ, ಹಿತ್ತಾಳೆ ಪಟ್ಟಿ ಇಂಥವುಗಳ ಮೇಲೆ ಕೆಲಸ ಮಾಡಿದರೆ ಹೇಗೋ ದಾಟಬಹುದು. ಸವೆದ ಅರ್ಧಕಚ್ಚನ್ನು ಅರದಿಂದ ಸರಿಮಾಡುವುದು ಅಂದರೆ ಯಂತ್ರದ ಕಣ್ಣಿಗೂ ಮನುಷ್ಯರ ಕಣ್ಣಿಗೂ ಬಂದೂಕು ಬದಲಾಯಿಸಿದ ಹಾಗೇ ಕಾಣುತ್ತದೆ. ಅದರ ಮೇಲೆ ಅರ್ಧಕಚ್ಚು ಸುರಕ್ಷತೆಯ ಭಾಗ ಬೇರೆ. ಅಂಥದ್ದಕ್ಕೆ ಜಾಹೀರಾತಿನ ಆಸೆ ಬಿಟ್ಟೇ ಕ್ಯಾಮೆರಾ ಆನ್ ಮಾಡಿ.

ಕಾಗದದ ತೋಟಾ: ಇಲ್ಲಿ ಪಣ ದೊಡ್ಡದು

1853ರ ಎನ್‌ಫೀಲ್ಡ್ ರೈಫಲ್ ಬಗ್ಗೆ ಮಾತಾಡಿ ಕಾಗದದ ತೋಟಾ ಬಿಡಲಿಕ್ಕೆ ಆಗುತ್ತದೆಯೇ? ಜಿಡ್ಡು ಹಚ್ಚಿದ ತೋಟಾ, ಅದರ ತುದಿಯನ್ನು ಹಲ್ಲಿನಿಂದ ಹರಿಯುವ ಕವಾಯತು, ದನದ ಕೊಬ್ಬು ಹಂದಿಯ ಕೊಬ್ಬಿನ ಮಾತು ಹಬ್ಬಿದ್ದು, 1857. ಈ ಕಥೆಗೆ ತೋಟಾ ಬೇಕೇ ಬೇಕು. ಆದರೆ ತೋಟಾ ಸುತ್ತುವುದನ್ನು ಕಲಿಸುವ ವಿಡಿಯೊ ಮದ್ದುಗುಂಡು ತಯಾರಿಕೆಯ ಪಾಠವಾಗುತ್ತದೆ. ಅದು ಬೀಳುವುದು ಸಮುದಾಯ ನಿಯಮಕ್ಕೆ, ಅಂದರೆ ಹೋಗುವುದು ಹಣವಷ್ಟೇ ಅಲ್ಲ, ವಿಡಿಯೊನೂ ಹೋಗಬಹುದು.

ನಾವು ಮಾಡಿದ್ದು ಹೀಗೆ. ಮದ್ದಿಲ್ಲದ ಒಂದು ಮಾದರಿ ತೋಟಾವನ್ನು ಅಂಗೈ ಮೇಲಿಟ್ಟು ಹತ್ತಿರದಿಂದ ತೋರಿಸಿದೆವು: ಬೆರಳುದ್ದದ ಕಾಗದದ ಕೊಳವೆ, ಒಂದು ತುದಿಯಲ್ಲಿ ತಿರುಚು, ಇನ್ನೊಂದು ತುದಿಯಲ್ಲಿ ಗುಂಡಿನ ಉಬ್ಬು, ಅದರ ಮೇಲೆ ಜಿಡ್ಡು ಹಚ್ಚುತ್ತಿದ್ದ ಜಾಗ. ಕಾಗದದ ಅಳತೆ ಇಲ್ಲ, ಮದ್ದಿನ ತೂಕ ಇಲ್ಲ, ಸುತ್ತುವ ಕೈ ಇಲ್ಲ. ಸಿಪಾಯಿಗೆ ಯಾಕೆ ಬಾಯಿ ಹಾಕಬೇಕಾಗಿತ್ತು ಅನ್ನುವುದು ಆ ಒಂದು ಶಾಟ್‌ನಲ್ಲೇ ಗೊತ್ತಾಗುತ್ತದೆ, ಒಂದು ಕೈ ಕೋವಿಯಲ್ಲಿ ಸಿಕ್ಕಿಕೊಂಡಿದೆ ನೋಡಿ. ಕಪ್ಪು ಮದ್ದಿನ ಬಗ್ಗೆಯೂ ಅದೇ ಸೂತ್ರ: ಹೊಗೆ, ವಾಸನೆ, ಮಸಿ, ಮಳೆ ಬಂದರೆ ಆಗುತ್ತಿದ್ದ ಪಾಡು ಎಲ್ಲ ಹೇಳಿ, ಪಾಕ ಹೇಳಬೇಡಿ.

ಈಡು ಹೊಡೆಯುವ ದೃಶ್ಯ

ಇದು ಸುಲಭದ ಭಾಗ. ಜಾಗ ಸುರಕ್ಷಿತ ಅಂತ ನೋಡಿದ ಕೂಡಲೇ ಗೊತ್ತಾಗಬೇಕು, ಅಷ್ಟೇ. ಹಳೇ ಕೋವಿಯ ಕಷ್ಟ ಏನೆಂದರೆ ಒಂದೇ ಈಡಿಗೆ ಇಡೀ ಫ್ರೇಮು ಬಿಳಿ ಹೊಗೆಯಲ್ಲಿ ಮುಳುಗುತ್ತದೆ, ಹಿಂದಿರುವ ಮಣ್ಣಿನ ದಿಬ್ಬ ಕಾಣುವುದೇ ಇಲ್ಲ, ಯಾವುದೋ ಬಯಲಲ್ಲಿ ಸುಮ್ಮನೆ ಹೊಡೆದ ಹಾಗೆ ಕಾಣುತ್ತದೆ. ಅದಕ್ಕೇ ಈಡಿಗೆ ಮೊದಲೇ ರೇಂಜಿನ ಫಲಕ, ದಿಬ್ಬ, ಕೆಂಪು ಬಾವುಟ, ಕಿವಿಯ ಮಫ್, ಕನ್ನಡಕ ಎಲ್ಲ ಬರುವ ಒಂದು ಅಗಲದ ಶಾಟ್ ಇಡಿ. ಹಳೇ ಯುದ್ಧಗಳ ಮರುನಟನೆಯ ತುಣುಕು ಬಳಸುವವರು ಮಕ್ಕಳನ್ನು ನೋಡಿಕೊಳ್ಳಿ. ಡೋಲು ಬಡಿಯುವ ಹುಡುಗ ಪಕ್ಕದವನ ಮಸ್ಕೆಟ್ ಹಿಡಿದುಕೊಂಡ ಅರೆಕ್ಷಣದ ಶಾಟೂ ಬೇಡ.

ಮ್ಯಾಕ್ಸಿಮ್ ಗನ್ 1880ರ ದಶಕದ್ದು, ಮ್ಯೂಸಿಯಂ ಸಾಮಾನು, ಆದರೂ ಆಟೋಮ್ಯಾಟಿಕ್. ಅದನ್ನು ಓಡಿಸಿದರೆ ವಯಸ್ಸಿನ ಬೇಲಿ ಬೀಳಬಹುದು. ಗ್ಯಾಟ್ಲಿಂಗ್ ಗನ್ ಹಾಗಲ್ಲ, ಕೈಯಿಂದ ಹಿಡಿಕೆ ತಿರುಗಿಸಬೇಕು. ಪರಿಶೀಲಿಸುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕೆಂದಿಲ್ಲ. ಮೊದಲ ವಾಕ್ಯದಲ್ಲೇ ಹೇಳಿ, ತಿರುಗುವ ಕೈಯನ್ನು ಫ್ರೇಮಿನಲ್ಲಿಡಿ.

ಅಪ್‌ಲೋಡ್ ದಿನ

ಟೈಟಲ್‌ಗೆ ಕೋವಿಯ ಹೆಸರು, ವರ್ಷ, ಒಂದು ಇತಿಹಾಸದ ಪ್ರಶ್ನೆ. "ಕೊಲ್ಲುವ", "ಭಯಾನಕ", "ಸಾವಿನ" ಇವೆಲ್ಲ ಬೇಡ. ಕ್ಲಿಕ್ ಬರುತ್ತದೆ, ಜಾಹೀರಾತು ಹೋಗುತ್ತದೆ. ಹಾಗಂತ "ಬಂ*ಕು" ಅಂತ ಚುಕ್ಕಿ ಹಾಕುವ ಚಾಳಿಯೂ ನನಗೆ ಹಿಡಿಸುವುದಿಲ್ಲ. ಕದ್ದುಮುಚ್ಚಿ ಹೇಳುವಂಥದ್ದು ನಮ್ಮಲ್ಲೇನಿದೆ? ಥಂಬ್‌ನೇಲ್‌ನಲ್ಲಿ ನಳಿಗೆಯ ಬಾಯಿ ನೋಡುಗನ ಕಡೆ ತಿರುಗಿರಬಾರದು. ಪಕ್ಕದಿಂದ ತೆಗೆದ ಲಾಕ್‌ನ ಕ್ಲೋಸಪ್ ನನ್ನ ಕಾಯಂ ಆಯ್ಕೆ. ವಿವರಣೆಯ ಮೊದಲ ಎರಡು ಸಾಲಿನಲ್ಲಿ ಯಾವ ಸಂಗ್ರಹದ ಕೋವಿ, ಯಾವ ಕಾಲದ್ದು, ವಿಡಿಯೊದ ಉದ್ದೇಶ ಏನು ಅಂತ ಬರೆದುಬಿಡಿ. ಸಬ್‌ಟೈಟಲ್ ನೀವೇ ಮಾಡಿ ಹಾಕಿ. ಹರಾಜು ಕಂಪನಿಯ ಲಿಂಕ್, ಮಾರಾಟದ ಪುಟ, "ಬೇಕಾದವರು ಸಂಪರ್ಕಿಸಿ" ಇವು ಯಾವ ಮೂಲೆಯಲ್ಲೂ ಬೇಡ, ಪಿನ್ ಮಾಡಿದ ಕಾಮೆಂಟಿನಲ್ಲೂ ಬೇಡ.

ಆಮೇಲೆ ವಿಡಿಯೊವನ್ನು ಪ್ರೈವೇಟ್ ಆಗಿ ಏರಿಸಿ, ಜಾಹೀರಾತು ಪ್ರಶ್ನಾವಳಿ ತುಂಬಿ. ಅದರಲ್ಲಿ ಬಂದೂಕಿನದ್ದೇ ಒಂದು ಪ್ರಶ್ನೆ ಇದೆ. ಸುಳ್ಳು ಹೇಳಬೇಡಿ, ಇದು ನೀತಿಪಾಠ ಅಲ್ಲ, ಲೆಕ್ಕಾಚಾರ. ನಿಮ್ಮ ಉತ್ತರಗಳು ಸರಿಯಿರುತ್ತವೆ ಅಂತ ದಾಖಲೆ ಬೆಳೆದರೆ ಯೂಟ್ಯೂಬ್ ತನ್ನ ಯಂತ್ರದ ಊಹೆಗಿಂತ ನಿಮ್ಮ ಮಾತಿಗೆ ಹೆಚ್ಚು ಬೆಲೆ ಕೊಡುತ್ತದೆ. ತಪಾಸಣೆ ಮುಗಿಯುವ ತನಕ ಪಬ್ಲಿಕ್ ಮಾಡಬೇಡಿ. ಹೊಸ ವಿಡಿಯೊಗೆ ಜನ ಮುಗಿಬೀಳುವುದು ಮೊದಲ ಎರಡು ದಿನ, ಆ ಹೊತ್ತಿನಲ್ಲಿ ಹಳದಿ ಇದ್ದು ಆಮೇಲೆ ಹಸಿರಾದರೆ ಜೇಬಿಗೆ ಬರುವುದು ತಳದ ಕಸ.

ಹಳದಿ ಬಂತೋ, ಕೂಡಲೇ ಮನವಿಯ ಬಟನ್ ಒತ್ತಬೇಡಿ. ಮನುಷ್ಯರು ನೋಡಿ ಹೇಳುವ ತೀರ್ಮಾನ ಆ ವಿಡಿಯೊಗೆ ಕೊನೆಯದು. ಮೊದಲು ನೀವೇ ನಿಯಮ ಪಕ್ಕದಲ್ಲಿಟ್ಟುಕೊಂಡು ಶಬ್ದ ಮ್ಯೂಟ್ ಮಾಡಿ ಒಮ್ಮೆ ನೋಡಿ. ಶಬ್ದ ಇದ್ದಾಗ ಮೇಷ್ಟ್ರ ಮಾತು ಎಲ್ಲವನ್ನೂ ಸಮರ್ಥಿಸುತ್ತಿರುತ್ತದೆ. ಮ್ಯೂಟ್ ಮಾಡಿದರೆ ಯಾರದೋ ಕೈ ಬಂದೂಕು ಬಿಚ್ಚುತ್ತಿರುವುದಷ್ಟೇ ಕಾಣುತ್ತದೆ. ಅಂಥದ್ದು ಸಿಕ್ಕರೆ ಆ ತುಣುಕು ತೆಗೆದು ಹೊಸದಾಗಿ ಏರಿಸಿ. ಏನೂ ಸಿಗದಿದ್ದರೆ ಆಗ ಮನವಿ ಹಾಕಿ. ಒಂದು ವೇದಿಕೆಯಲ್ಲಿ ನಮ್ಮ ಬತ್ತಿ ಕೋವಿಯ ವಿಡಿಯೊಗೆ ಜಾಹೀರಾತು ನಿಂತಿತ್ತು. ಅದರಲ್ಲಿ ಈಡೂ ಇಲ್ಲ, ಸ್ಕ್ರೂ ಕೂಡ ಇಲ್ಲ, ಇದ್ದದ್ದು ಕೆತ್ತನೆ ಚಿತ್ರಗಳು ಮತ್ತು ಉರಿಯುವ ಬತ್ತಿ. ಮನವಿಗೆ ಹಸಿರಾಯಿತು. ಕಾರಣ ಇವತ್ತಿಗೂ ಹೇಳಿಲ್ಲ.

ಬಿಚ್ಚುವ ವಿಡಿಯೊದ ಸಂಬಳ ಬೇರೆ ಕಡೆಯಿಂದ

ಇಷ್ಟೆಲ್ಲ ಹೇಳಿದ ಮೇಲೂ ಕೆಲವು ವಿಡಿಯೊಗಳನ್ನು ಹಳದಿಯಾಗಲಿ ಅಂತಲೇ ಬಿಡಬೇಕು. ಒಂದು ಅಪರೂಪದ ಲಾಕ್ ಒಳಗೆ ಹೇಗಿದೆ ಅನ್ನುವುದನ್ನು ಮೇಷ್ಟ್ರ ತಲೆಮಾರು ದಾಖಲಿಸದಿದ್ದರೆ ಮುಂದೆ ಯಾರಿಗೂ ಅವಕಾಶ ಸಿಗುವುದು ಅನುಮಾನ. ಜಾಹೀರಾತಿಗಾಗಿ ಅದನ್ನು ಕತ್ತರಿಸುವುದಕ್ಕೆ ನನ್ನ ಕೈ ಬರುವುದಿಲ್ಲ. ಫರ್ಗಾಟನ್ ವೆಪನ್ಸ್ ಚಾನೆಲ್ಲಿನ ಇಯಾನ್ ಮೆಕಾಲಮ್ ಅಪರೂಪದ ಬಂದೂಕುಗಳನ್ನು ಮೇಜಿನ ಮೇಲೆ ಬಿಚ್ಚುತ್ತಲೇ ಹೆಸರಾದವರು. ಅವರಿಗೆ ಬೆನ್ನೆಲುಬು ಪೇಟ್ರಿಯಾನ್‌ನಲ್ಲಿ ನೇರವಾಗಿ ಹಣ ಕೊಡುವ ನೋಡುಗರು. ನಮ್ಮ ಅಳತೆಗೂ ಆ ದಾರಿ ಕೂರುತ್ತದೆ. ಕಡಿಮೆ ಜನ, ಆದರೆ ಸ್ಕ್ರೂ ನೋಡಲಿಕ್ಕೇ ಬರುವ ಜನ. ಯೂಟ್ಯೂಬಿನೊಳಗೇ ಸದಸ್ಯತ್ವ ಇದೆ. ಹಳದಿ ವಿಡಿಯೊಗೂ ಪ್ರೀಮಿಯಂ ಚಂದಾದಾರರು ನೋಡಿದ ಹೊತ್ತಿನ ಪಾಲು ಬರುತ್ತದೆ, ಇದು ಅನೇಕರಿಗೆ ಗೊತ್ತೇ ಇಲ್ಲ.

ನಾನು ಪ್ರತಿ ವಿಷಯಕ್ಕೂ ಎರಡು ಕಟ್ ಮಾಡುತ್ತೇನೆ. ಒಂದರಲ್ಲಿ ಕಥೆ, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಸಮೇತ ಪೂರ್ತಿ. ಎರಡನೆಯದು ಸದಸ್ಯರಿಗೆ, ಜೊತೆಗೆ ಬೇರೆ ತಾಣದಲ್ಲೊಂದು ಪ್ರತಿ. ಮೊದಲನೆಯದರ ವಿವರಣೆಯಲ್ಲಿ ಎರಡನೆಯದರ ಲಿಂಕ್ ಕೊಡಬಹುದೇ? ಬಿಚ್ಚುವ ವಿಡಿಯೊ ಆದರೆ ಕೊಡಬಹುದು, ಅದು ಮುರಿಯುವುದು ಜಾಹೀರಾತು ನಿಯಮವನ್ನಷ್ಟೇ. ತೋಟಾ ತಯಾರಿಸುವ ವಿಡಿಯೊ ಬೇರೆ ತಾಣದಲ್ಲಿದ್ದರೂ ಲಿಂಕ್ ಕೊಡಬೇಡಿ, ಸಮುದಾಯ ನಿಯಮ ಮುರಿಯುವುದಕ್ಕೆ ಕೊಟ್ಟ ಲಿಂಕೂ ಉಲ್ಲಂಘನೆಯೇ. ಯಾವುದಾದರೂ ಮ್ಯೂಸಿಯಂ ತನ್ನ ಪುಟದಲ್ಲಿ ನಿಮ್ಮ ವಿಡಿಯೊ ಹಾಕಿಕೊಳ್ಳುವುದಿದ್ದರೆ ಹದಿನೆಂಟರ ಬೇಲಿ ಬೀಳದ ಕಟ್ಟನ್ನೇ ಕೊಡಿ, ಬೇಲಿ ಬಿದ್ದ ವಿಡಿಯೊ ಹೊರಗಿನ ತಾಣಗಳಲ್ಲಿ ಹೆಚ್ಚಾಗಿ ಓಡುವುದಿಲ್ಲ.

ಹಸಿರಾಗಿ ನೆಮ್ಮದಿಯಾಗಿ ಕೂತಿರುವ ಹಳೇ ವಿಡಿಯೊಗಳ ತಂಟೆಗೆ ಮಾತ್ರ ಹೋಗಬೇಡಿ. ಟೈಟಲ್ಲೋ ಥಂಬ್‌ನೇಲೋ ಬದಲಾದರೆ ಮತ್ತೆ ತಪಾಸಣೆಗೆ ಒಳಗಾಗಬಹುದು. ಮೇಷ್ಟ್ರು ಈಗಲೂ ಆಗಾಗ ಫೋನ್ ಮಾಡಿ "ಆ ಟೈಟಲ್‌ನಲ್ಲಿ ಒಂದು ಕೊಂಬು ಬಿಟ್ಟುಹೋಗಿದೆಯಲ್ಲ" ಅನ್ನುತ್ತಾರೆ. ತಿದ್ದುಪಡಿ ಕಾಮೆಂಟಿನಲ್ಲಿ ಹಾಕಿದ್ದೇನೆ, ಟೈಟಲ್ ಮುಟ್ಟಿಲ್ಲ.